ಷಡ್ಡಕನ ಹಿತ್ತಿಲ ಸೋರೆಬಳ್ಳಿ

ನನ್ನ ಷಡ್ಡಕ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಮನಸ್ಸು ಬರುತ್ತದೋ ಇಲ್ಲವೋ ಗೊತ್ತಿಲ್ಲ. ಕುಡಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ, ಹೆಂಡತಿಯ ಮೇಲೆ ದನಿ ಎತ್ತುವುದಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಗಿಡಗಳಿಗೆ ನೀರು ಹಾಕುತ್ತಾ ಸಿಳ್ಳೆ ಹೊಡೆಯುತ್ತಾನೆ. ಆ ಸಿಳ್ಳೆಯಾದರೂ ಅಪಸ್ವರವಾಗಿರಬಾರದೇ? ಅದೂ ಸೊಗಸಾಗಿಯೇ ಇರುತ್ತದೆ. ಬೈಯುವುದಕ್ಕೆ ಒಂದಾದರೂ ಕಾರಣ ಕೊಡದ ಮನುಷ್ಯನ ಪಕ್ಕದಲ್ಲಿ ಬಾಳುವುದು ಎಷ್ಟು ಕಷ್ಟವೆಂದು ಬಾಳಿದವರಿಗೇ ಗೊತ್ತು.

ಅವನು ನನ್ನ ಹೆಂಡತಿಯ ತಂಗಿಯ ಗಂಡ. ನಾನು ದೊಡ್ಡಳಿಯ, ಅವನು ಚಿಕ್ಕಳಿಯ. ದೊಡ್ಡ ಕಟ್ಟಡಗಳಲ್ಲಿ ಕೆಟ್ಟು ನಿಂತ ಲಿಫ್ಟುಗಳನ್ನು ರಿಪೇರಿ ಮಾಡುವುದು ಅವನ ಕೆಲಸ, ಹಾಗಾಗಿ ಬೀದಿಯವರೆಲ್ಲ ಅವನನ್ನು ಲಿಫ್ಟಣ್ಣ ಎನ್ನುತ್ತಾರೆ. ನಾನು ಬಣ್ಣದಂಗಡಿಯಲ್ಲಿ ಬಣ್ಣ ಬೆರೆಸುವವನು. ಈ ಬೀದಿಗೆ ಬಂದು ಹದಿನಾಲ್ಕು ವರ್ಷವಾಯಿತು, ಇವತ್ತಿಗೂ ನಾನು ಬರೀ ಬಣ್ಣದವನು. ಅವನು ಬಂದು ಎರಡು ವರ್ಷ ತುಂಬಿಲ್ಲ, ಹಾಲು ಹಾಕುವವನಿಂದ ಹಿಡಿದು ಮೂಲೆಮನೆಯ ನಿವೃತ್ತ ಮೇಷ್ಟರವರೆಗೆ ಎಲ್ಲರಿಗೂ ಅಣ್ಣ. ಮೇಷ್ಟರಿಗೆ ಎಪ್ಪತ್ತೆರಡು ವರ್ಷ.

ಅವನನ್ನು ಇಲ್ಲಿಗೆ ಕರೆತಂದವನು ನಾನೇ. ನಮ್ಮದು ಒಂದು ಉದ್ದನೆಯ ಹಳೆಯ ಮನೆಯ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿ ಮಾಲೀಕರು ಬಾಡಿಗೆಗೆ ಕೊಟ್ಟದ್ದರಲ್ಲಿ ಒಂದು ಪಾಲು. ಒಂದೊಂದಕ್ಕೂ ಮುಂದೆ ನಡುಮನೆ, ಆಮೇಲೆ ಕತ್ತಲೆ ಓಣಿ, ಓಣಿಯ ಒಂದು ಬದಿಗೆ ಅಡುಗೆಮನೆ, ಕೊನೆಯಲ್ಲಿ ಹಿಂದಿನ ಕೋಣೆ, ಅದರಾಚೆ ಹಿತ್ತಿಲು. ಪಕ್ಕದ ಪಾಲು ಮೂರು ವರ್ಷ ಖಾಲಿ ಬಿದ್ದಿತ್ತು. ಗೋಡೆಯ ಗಾರೆ ಉದುರಿತ್ತು, ಬಚ್ಚಲ ಬಾಗಿಲು ಕೊಳೆತಿತ್ತು, ಹಿತ್ತಿಲ ತುಂಬ ಮುರಿದ ಹೆಂಚು ಮತ್ತು ಕಲ್ಲು. ನಾದಿನಿ ಕಡಿಮೆ ಬಾಡಿಗೆಯ ಮನೆ ಹುಡುಕುತ್ತಿದ್ದಾಗ ನಾನೇ ಹೇಳಿದೆ, ಇದಿದೆ, ನೋಡಿ ಎಂದು. ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ. ಆದರೆ ಅವರು ಆ ಹಾಳುಕೊಂಪೆಯಲ್ಲಿದ್ದರೆ ನಮ್ಮ ಮನೆ ಸ್ವಲ್ಪ ಚೆಂದ ಕಾಣುತ್ತದೆ ಎಂದೂ ಒಳಗೊಳಗೆ ಅನಿಸಿತ್ತು. ಬರೆಯಲು ಕೂತ ಮೇಲೆ ಮುಚ್ಚುಮರೆ ಯಾಕೆ?

ಈಗ ನನ್ನ ಕೆಲಸದ ವಿಷಯ ಸ್ವಲ್ಪ ಹೇಳಬೇಕು. ಗಿರಾಕಿಗಳು ಬಟ್ಟೆಯ ತುಂಡು, ಒಡೆದ ಚಹಾ ಲೋಟ, ಒಣಗಿದ ಎಲೆ ಏನೇನೋ ತಂದು ಇದೇ ಬಣ್ಣ ಬೇಕು ಎನ್ನುತ್ತಾರೆ. ನಾನು ಬಿಳಿ ಬಣ್ಣದ ಡಬ್ಬಿಗೆ ಯಂತ್ರದಿಂದ ಹನಿ ಲೆಕ್ಕದಲ್ಲಿ ಕೆಂಪು, ಹಳದಿ, ಕಪ್ಪು ಬಿಟ್ಟು, ಕುಲುಕಿ, ಬೆರಳಿನಿಂದ ಮುಚ್ಚಳದ ಮೇಲೆ ಒಂದು ಬೊಟ್ಟು ಇಟ್ಟು, ಒಣಗಿಸಿ ತೋರಿಸುತ್ತೇನೆ. ನೂರಕ್ಕೆ ತೊಂಬತ್ತೆಂಟು ಸಲ ಸರಿ ಬರುತ್ತದೆ. ಬರದಿದ್ದ ಎರಡು ಡಬ್ಬಿ ಅಂಗಡಿಯ ಹಿಂದಿನ ಕಪಾಟಿಗೆ ಹೋಗುತ್ತವೆ. ಅವನ್ನು ನಾವು ತಪ್ಪು ಡಬ್ಬಿ ಎನ್ನುತ್ತೇವೆ. ಕಾಲು ಬೆಲೆಗೆ ಯಾರಾದರೂ ಒಯ್ದರೆ ಒಯ್ಯಬಹುದು. ಸಾಮಾನ್ಯವಾಗಿ ಯಾರೂ ಒಯ್ಯುವುದಿಲ್ಲ, ನಾಯಿಗೂಡಿಗೆ ಬಳಿಯುವವರನ್ನು ಬಿಟ್ಟರೆ.

ಷಡ್ಡಕ ಒಂದು ಭಾನುವಾರ ಕೈಗಾಡಿ ತಂದು ಕಪಾಟನ್ನೇ ಖಾಲಿ ಮಾಡಿದ. ನನಗೆ ಒಳಗೇ ನಗು. ಈ ಕಲಸುಮೇಲೋಗರವನ್ನು ಬಳಿದರೆ ಮನೆ ಸರ್ಕಸ್ಸಿನ ಡೇರೆಯಾಗುತ್ತದೆ, ನೋಡೋಣ ಎಂದುಕೊಂಡೆ. ಒಂದು ತಿಂಗಳು ಅವನು, ನಾದಿನಿ ಇಬ್ಬರೂ ಗಾರೆ ಮೆತ್ತಿ, ಉಜ್ಜಿ, ಬಳಿದು, ಕೊನೆಗೆ ನಮ್ಮನ್ನು ಕರೆದರು. ಹೋಗಿ ನಿಂತೆ. ಸುಳ್ಳು ಯಾಕೆ ಹೇಳಲಿ, ನೋಡಿದವನಿಗೆ ಅಲ್ಲೇ ಕೂತುಬಿಡೋಣ ಎನಿಸುವಂತಿತ್ತು.

ನನ್ನ ಸಂಕಟ ಬೇರೆಯವರಿಗೆ ಅರ್ಥವಾಗುವುದಿಲ್ಲ. ಆ ಮನೆಯ ಒಂದೊಂದು ಗೋಡೆಯೂ ನನ್ನ ಒಂದೊಂದು ತಪ್ಪು. ನಡುಮನೆಯ ಮೆತ್ತನೆಯ ಹಸಿರು ಮಗಳಿಗೆ ಜ್ವರ ಬಂದ ದಿನ ಯಂತ್ರದ ಗುಂಡಿಯನ್ನು ಎರಡು ಸಲ ಒತ್ತಿದ್ದರಿಂದ ಆದದ್ದು. ಅಡುಗೆಮನೆಯ ಹಳದಿ ಒಬ್ಬ ಹೆಂಗಸು ನನ್ನ ಮುಖಕ್ಕೇ ಹಿಡಿದು, ಇದು ಹಳದಿಯಾ, ಕಾಮಾಲೆಯಾ ಎಂದು ಬಿಟ್ಟುಹೋದದ್ದು. ಓಣಿಯ ತೆಳು ಗುಲಾಬಿಗೆ ಯಜಮಾನರು ಅಂಗಡಿ ತುಂಬ ಜನರಿರುವಾಗ ನನಗೆ ಕಣ್ಣಿನ ಡಾಕ್ಟರ ವಿಳಾಸ ಕೊಟ್ಟಿದ್ದರು. ಆ ಅವಮಾನಗಳನ್ನೆಲ್ಲ ಇವನು ಸಾಲಾಗಿ ಬಳಿದು, ನೋಡಿ ಅಣ್ಣಾ ಹೇಗಿದೆ ಎಂದು ಕೇಳುತ್ತಿದ್ದ. ಪರವಾಗಿಲ್ಲ ಎಂದೆ. ನನ್ನ ಹೆಂಡತಿ ಮಾತ್ರ ಗೋಡೆಯನ್ನು ಕೈಯಿಂದ ಸವರಿ ನನ್ನ ಕಡೆ ಒಂದು ಸಲ ನೋಡಿದಳು. ಬಣ್ಣದವನ ಮನೆಗೆ ಒಂಬತ್ತು ವರ್ಷದಿಂದ ಬಣ್ಣ ಬಳಿದಿಲ್ಲ. ನಮ್ಮ ನಡುಮನೆಯ ಗೋಡೆಯಲ್ಲಿ ನಾನು ಪರೀಕ್ಷೆಗೆಂದು ಬಳಿದ ಅಂಗೈಯಗಲದ ಮೂವತ್ತು ಚೌಕಗಳಿವೆ, ಅಷ್ಟೆ.

ಅಲ್ಲಿಗೂ ಅವನು ನಿಲ್ಲಲಿಲ್ಲ. ಕಿತ್ತೆಸೆದ ಲಿಫ್ಟುಗಳಿಂದ ಸಾಮಾನು ತರತೊಡಗಿದ. ಲಿಫ್ಟಿನೊಳಗಿನ ಉದ್ದನೆಯ ಕನ್ನಡಿಗಳನ್ನು ಓಣಿಯ ಕೊನೆಗೆ ಓರೆಯಾಗಿ ನಿಲ್ಲಿಸಿದ, ಹಿತ್ತಿಲ ಬೆಳಕು ಅಡುಗೆಮನೆಗೆ ಬಂದು ಬಿತ್ತು. ನಮ್ಮ ಓಣಿಯಲ್ಲಿ ಹಗಲೂ ದೀಪ ಹಾಕಬೇಕು. ಮಹಡಿ ಒತ್ತುವ ಗುಂಡಿಗಳ ಸ್ಟೀಲು ಪಟ್ಟಿಯನ್ನು ಬಾಗಿಲ ಹಿಂದೆ ಬಡಿದು ಅದಕ್ಕೆ ಕೊಕ್ಕೆ ಹಾಕಿ ಬೀಗದಕೈ ನೇತುಹಾಕುವ ಹಲಗೆ ಮಾಡಿದ. ನನ್ನ ಮಗಳು ದಿನಾ ಸಂಜೆ ಅಲ್ಲಿಗೆ ಹೋಗಿ ಏಳನೇ ಮಹಡಿಯ ಗುಂಡಿ ಒತ್ತಿ ಬರುತ್ತಿದ್ದಳು. ಇದನ್ನೆಲ್ಲ ಸಹಿಸಬಹುದಿತ್ತು. ಲಿಫ್ಟಿನೊಳಗೆ ಹಿಡಿದುಕೊಳ್ಳಲು ಇರುತ್ತದಲ್ಲ, ಉಕ್ಕಿನ ಹಿಡಿಕಂಬಿ, ಅದನ್ನು ಅವನು ನಡುಮನೆಯಿಂದ ಬಚ್ಚಲವರೆಗೆ, ಬಚ್ಚಲಿಂದ ಹಿತ್ತಿಲ ಮೆಟ್ಟಿಲವರೆಗೆ ಗೋಡೆಗುಂಟ ಹಾಕಿದ. ಅಲ್ಲಿಂದ ನನ್ನ ಹೊಟ್ಟೆಕಿಚ್ಚಿಗೆ ನಿಜವಾದ ಬೆಂಕಿ ಬಿತ್ತು.

ಅದು ಅತ್ತೆಗಾಗಿ ಹಾಕಿದ ಕಂಬಿ.

ಅತ್ತೆ ಹನ್ನೊಂದು ವರ್ಷದಿಂದ ನಮ್ಮ ಮನೆಯಲ್ಲಿದ್ದಾರೆ. ಮಾವ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ಬಂದವರು, ನಮ್ಮ ಹಿಂದಿನ ಕೋಣೆಯ ಕಿಟಕಿ ಪಕ್ಕದ ಮಂಚ ಅವರದಾಯಿತು. ನನ್ನ ತಾಯಿಯನ್ನು ನಾನು ಆರು ವರ್ಷದವನಿದ್ದಾಗ ಕಳೆದುಕೊಂಡೆ. ಅತ್ತೆ ಬಂದ ಹೊಸದರಲ್ಲಿ ಒಂದು ಸಂಜೆ ಅಂಗಡಿಯಿಂದ ಬಂದವನ ಕೈ ಹಿಡಿದು, ಬೆರಳ ಉಗುರಿನ ಸಂದಿಯನ್ನು ನೋಡಿ, ಇವತ್ತು ಇಟ್ಟಿಗೆ ಕೆಂಪು ಬೆರೆಸಿದೆ ಅಲ್ವಾ ಎಂದರು. ಹೌದು ಎಂದೆ. ಸೀಮೆಎಣ್ಣೆ ಹಾಕಿ ಎಷ್ಟು ತೊಳೆದರೂ ಉಗುರಿನ ಅಂಚಿನಲ್ಲಿ ದಿನದ ಬಣ್ಣ ಉಳಿಯುತ್ತದೆ. ಅಂದಿನಿಂದ ಅದೊಂದು ರೂಢಿಯಾಯಿತು. ನಾನು ಬರುವ ಹೊತ್ತಿಗೆ ಅವರು ಮುಂದಿನ ಮೆಟ್ಟಿಲ ಮೇಲೆ ಕೂತಿರುತ್ತಾರೆ, ನಾನು ಕೈ ಚಾಚುತ್ತೇನೆ, ಅವರು ಬೆರಳನ್ನು ಕಣ್ಣಿನ ಹತ್ತಿರ ಹಿಡಿದು ಬಣ್ಣದ ಹೆಸರು ಹೇಳುತ್ತಾರೆ. ಅರ್ಧ ನಿಮಿಷದ ಕೆಲಸ. ಹನ್ನೊಂದು ವರ್ಷದಲ್ಲಿ ತಪ್ಪಿದ್ದು ಹತ್ತು ಸಲವೂ ಇಲ್ಲ. ನಲವತ್ತಾರು ವರ್ಷದ ಗಂಡಸು ಅರ್ಧ ನಿಮಿಷಕ್ಕಾಗಿ ಬಸ್ಸಿಳಿದು ಓಡೋಡಿ ಬರುತ್ತಾನೆ ಎಂದರೆ ನಗಬೇಡಿ.

ಅತ್ತೆಗೆ ಮೊಣಕಾಲು ನೋವು. ನಮ್ಮ ಮನೆಯಲ್ಲಿ ಅವರು ಗೋಡೆ ಹಿಡಿದು, ಬಾಗಿಲು ಹಿಡಿದು, ಕುರ್ಚಿ ಹಿಡಿದು ನಡೆಯುತ್ತಿದ್ದರು. ಷಡ್ಡಕನ ಮನೆಯಲ್ಲಿ ಕಂಬಿ ಹಿಡಿದು ಸಲೀಸಾಗಿ ಹಿತ್ತಿಲವರೆಗೆ ಹೋಗಿಬಿಡುತ್ತಿದ್ದರು. ಹನ್ನೊಂದು ವರ್ಷದಲ್ಲಿ ನನಗೆ ಹೊಳೆಯದ್ದು ಅವನಿಗೆ ಹನ್ನೊಂದು ವಾರದಲ್ಲಿ ಹೊಳೆಯಿತು. ಅದಕ್ಕೇ ಅವನ ಮೇಲೆ ಸಿಟ್ಟು.

ಹಿತ್ತಿಲದ್ದೂ ಅದೇ ಕಥೆ. ಅತ್ತೆ ಹರೆಯದಲ್ಲಿ ತರಕಾರಿ ತೋಟಗಳಲ್ಲಿ ಕೂಲಿ ಮಾಡಿದವರು. ನಮ್ಮ ಹಿತ್ತಿಲ ಸಿಮೆಂಟು ಒಡೆದು ಒಂದು ತರಕಾರಿ ಮಡಿ ಮಾಡಿಕೊಡು ಎಂದು ಬಂದ ವರ್ಷವೇ ಕೇಳಿದ್ದರು. ನೋಡೋಣ ಎಂದಿದ್ದೆ. ಹನ್ನೊಂದು ವರ್ಷದಿಂದ ನೋಡುತ್ತಲೇ ಇದ್ದೇನೆ. ಷಡ್ಡಕ ಅವನ ಹಿತ್ತಿಲ ಹೆಂಚುಕಲ್ಲು ಹೊತ್ತುಹಾಕಿ, ಅಂಗಡಿಯಲ್ಲಿ ಬಿಸಾಡುವ ಇಪ್ಪತ್ತು ಲೀಟರಿನ ಖಾಲಿ ಬಕೆಟ್ಟುಗಳಿದ್ದರೆ ಕೊಡಿ ಅಣ್ಣಾ ಎಂದು ಕೇಳಿದ. ನಾನೇ ವಾರಕ್ಕೆ ನಾಲ್ಕರಂತೆ ತಂದುಕೊಟ್ಟೆ. ಅವುಗಳ ತಳಕ್ಕೆ ತೂತು ಕೊರೆದು, ಮಣ್ಣು ಗೊಬ್ಬರ ತುಂಬಿ, ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಅವರು ಹೇಳಿದಂತೆ ಬೀಜ ಹಾಕಿದ. ಬದನೆ, ಟೊಮೇಟೊ, ಬೆಂಡೆ, ಮೆಣಸು, ಮೂರು ಥರದ ಸೊಪ್ಪು. ಬಕೆಟ್ಟು ತರಕಾರಿಗೆ ಚಿಕ್ಕದೇ ಆಯಿತು ಎನ್ನುವ ಹಾಗೆ ಎಲ್ಲವೂ ಬೆಳೆದವು. ನನ್ನ ಬಕೆಟ್ಟು, ನನ್ನ ಬಣ್ಣ, ನನ್ನ ಅತ್ತೆ. ಹೆಸರು ಮಾತ್ರ ಲಿಫ್ಟಣ್ಣನದು.

ಒಂದು ಸಂಜೆ ಓಡೋಡಿ ಬಂದೆ, ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಹಿಂದಕ್ಕೆ ಹೋಗಿ ನಮ್ಮಿಬ್ಬರ ಹಿತ್ತಿಲ ನಡುವಿನ ಎದೆಮಟ್ಟದ ಗೋಡೆಯ ಮೇಲಿಂದ ಇಣುಕಿದರೆ, ಅತ್ತೆ ಟೊಮೇಟೊ ಗಿಡದ ಪಕ್ಕದಲ್ಲಿ ಕೂತು ಷಡ್ಡಕನಿಗೆ ಏನೋ ಹೇಳಿ ನಗುತ್ತಿದ್ದರು. ನನ್ನನ್ನು ಮಾತ್ರ ನೀನು, ಅವನನ್ನು ಮದುವೆಯಾದಾಗಿನಿಂದ ನೀವು ಎನ್ನುತ್ತಿದ್ದವರು ಆವತ್ತು ನೀನು ಎಂದದ್ದು ನನ್ನ ಕಿವಿಗೇ ಬಿತ್ತು. ಆ ರಾತ್ರಿ ಊಟ ಸೇರಲಿಲ್ಲ. ಹೆಂಡತಿ ಹೊಟ್ಟೆ ಕೆಟ್ಟಿದೆಯಾ ಎಂದು ಕೇಳಿ, ಆಮೇಲೆ ತಾನೇ ಉತ್ತರ ಕೊಟ್ಟುಕೊಂಡಳು, ಕೆಟ್ಟಿಲ್ಲ, ಉರೀತಿದೆ ಎಂದು.

ಇಷ್ಟರಲ್ಲಿ ನಾದಿನಿ ಅಮ್ಮನನ್ನು ಕರೆಯತೊಡಗಿದಳು. ಹನ್ನೊಂದು ವರ್ಷ ಅಕ್ಕನ ಮನೆಯಲ್ಲಿದ್ದದ್ದಾಯಿತು, ಇನ್ನು ನಮ್ಮಲ್ಲಿರು, ಕಂಬಿ ಇದೆ, ಹಿತ್ತಿಲಿದೆ, ಹಿಂದಿನ ಕೋಣೆ ನಿನಗೇ ಎಂದು. ಅವಳು ಕರೆದದ್ದರಲ್ಲಿ ತಪ್ಪೇನಿಲ್ಲ. ಅತ್ತೆ ಆಗಷ್ಟೇ ಆ ಹಿತ್ತಿಲ ಮೂಲೆಯಲ್ಲಿ ಒಂದು ಸೋರೆ ಬೀಜ ಊರಿದ್ದರು. ಆ ಸೋರೆ ಕಾಯಿ ಬಿಡಲಿ, ಆ ದಿನ ಬರುತ್ತೇನೆ ಎಂದರು. ನಾದಿನಿ ಇದನ್ನು ಮಾತು ಕೊಟ್ಟಂತೆಯೇ ಹಿಡಿದಳು, ಬೀದಿಯವರಿಗೆಲ್ಲ ಹೇಳಿದಳು. ಷಡ್ಡಕ ಆ ಬಳ್ಳಿಗೆ ಲಿಫ್ಟಿನ ಹಳೆಯ ಉಕ್ಕಿನ ಹಗ್ಗ ಬಿಚ್ಚಿ ಚಪ್ಪರ ಹಾಕಿದ, ಕೋಣೆಗೆ ಬಳಿಯುವ ಬಣ್ಣ ಒಯ್ಯಲು ಅಂಗಡಿಗೆ ಬಂದ.

ನಾನು ಆ ದಿನ ರಜೆಯಲ್ಲಿದ್ದೆ. ಮರುದಿನ ಕೋಣೆ ನೋಡಲು ಕರೆದ. ಗೋಡೆ ನೋಡಿ ನನ್ನ ಕಾಲು ಬಾಗಿಲಲ್ಲೇ ನಿಂತಿತು. ಅತ್ತೆಯ ಹಳೆಯ ಶಾಲೊಂದರ ಅಂಚಿನ ನೀಲಿ ಅದು. ಹೋದ ವರ್ಷ ಆ ಶಾಲನ್ನು ಮನೆಯಲ್ಲಿ ಹೇಳದೆ ಅಂಗಡಿಗೆ ಒಯ್ದು, ಒಂದು ಮಧ್ಯಾಹ್ನ ಪೂರ್ತಿ ಕೂತು, ನಮ್ಮ ಹಿಂದಿನ ಕೋಣೆಗೆಂದು ನಾನೇ ಬೆರೆಸಿದ ಡಬ್ಬಿ. ಮುಂದಿನ ಭಾನುವಾರ ಬಳಿಯೋಣ, ಅದರ ಮುಂದಿನ ಭಾನುವಾರ ಬಳಿಯೋಣ ಎಂದು ಎಂಟು ತಿಂಗಳು ಮೇಜಿನಡಿ ಇಟ್ಟಿದ್ದೆ. ಯಾರೂ ಒಯ್ಯಲಿಲ್ಲವೆಂದು ಯಜಮಾನರು ಅದನ್ನು ತಪ್ಪು ಡಬ್ಬಿಗಳ ಕಪಾಟಿಗೆ ಸೇರಿಸಿದ್ದರು. ನನ್ನ ಕೈಯಿಂದ ತಪ್ಪಿಲ್ಲದೆ ಬಂದ ಬಣ್ಣವೂ ಅವನ ಗೋಡೆಗೇ ಹೋಗಿ ಕೂತಿತ್ತು. ಅತ್ತೆ ಕಂಬಿ ಹಿಡಿದು ನಿಂತು ನೋಡಿ, ಈ ನೀಲಿ ಎಲ್ಲೋ ನೋಡಿದ ಹಾಗಿದೆ ಎಂದರು. ನಾನು ಬಾಯಿ ಬಿಡಲಿಲ್ಲ. ಬಿಟ್ಟು ಹೇಳುವುದೇನು, ಎಂಟು ತಿಂಗಳ ಸೋಮಾರಿತನವನ್ನೇ?

ಇನ್ನು ಉಳಿದದ್ದು ಸೋರೆ ಒಂದೇ. ಅದು ಕಾಯಿ ಬಿಟ್ಟರೆ ಅತ್ತೆ ಹೋಗುತ್ತಾರೆ. ಬಿಡದಿದ್ದರೆ ಮೆಟ್ಟಿಲು ನನ್ನದು.

ಬಳ್ಳಿ ಹಬ್ಬಿದ್ದೇ ಹಬ್ಬಿದ್ದು. ಚಪ್ಪರ ಹತ್ತಿ, ನಡುಗೋಡೆ ತಲುಪಿ, ಅಂಗೈಗಿಂತ ದೊಡ್ಡ ಎಲೆ ಬಿಟ್ಟು, ಸಂಜೆಯಾದರೆ ಬಿಳಿ ಹೂ ಅರಳಿಸಿಕೊಂಡು ನಿಲ್ಲುತ್ತಿತ್ತು. ಹೂವೆಲ್ಲ ಬೆಳಿಗ್ಗೆ ಬಾಡಿ ಉದುರುತ್ತಿತ್ತು, ಒಂದೂ ಕಾಯಾಗಲಿಲ್ಲ. ಷಡ್ಡಕ ಗೊಬ್ಬರ ಹಾಕಿದ, ಇನ್ನಷ್ಟು ಎಲೆ ಬಂತು. ಏನು ಮಾಡಲಿ ಎಂದು ಅತ್ತೆಯನ್ನು ಕೇಳಿದ. ಕಾಯಬೇಕಪ್ಪ, ಅಷ್ಟೆ ಎಂದರು. ಗೋಡೆಯ ಈಚೆ ಬಟ್ಟೆ ಒಣಹಾಕುತ್ತಿದ್ದ ನಾನು ಇದನ್ನು ಕೇಳಿ ಆವತ್ತು ಎರಡು ತುತ್ತು ಹೆಚ್ಚೇ ಉಂಡೆ. ಹೀಗೆ ಎರಡು ತಿಂಗಳು ಕಳೆಯಿತು. ದಿನಾ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಆ ಬಳ್ಳಿಯನ್ನೇ.

ಆದರೆ ಹೆದರಿಕೆ ಬಿಡಬೇಕಲ್ಲ. ಬಳ್ಳಿ ಬೆಳೆಯುತ್ತಲೇ ಇತ್ತು, ಇವತ್ತಲ್ಲ ನಾಳೆ ಒಂದು ಕಾಯಾದರೂ ಕಚ್ಚದಿರುತ್ತದೆಯೇ? ಅದು ಬೆಳೆಯುವುದು ನಿಂತರೆ ಒಳ್ಳೆಯದು ಎನಿಸಿತು. ಬಳ್ಳಿಯ ಜೀವ ತುದಿಯ ಕುಡಿಯಲ್ಲಿರುತ್ತದೆ ಎಂದು ನನಗೆ ನಾನೇ ತೀರ್ಮಾನಿಸಿಕೊಂಡೆ. ಗಿಡದ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಅವುಗಳ ಬಣ್ಣ ಮಾತ್ರ. ಒಂದು ದಿನ ಐದು ಗಂಟೆಗೆ, ಷಡ್ಡಕನ ಸಿಳ್ಳೆ ಏಳುವ ಮೊದಲು, ನಮ್ಮ ಹಿತ್ತಿಲಲ್ಲಿ ಬಟ್ಟೆಕಲ್ಲಿನ ಮೇಲೆ ಹತ್ತಿ, ಗೋಡೆಯಾಚೆ ಕೈ ಚಾಚಿ, ಹೆಬ್ಬೆರಳ ಉಗುರಿನಿಂದ ಕುಡಿಯನ್ನು ಚಿವುಟಿದೆ. ಒಂದೇ ಕುಡಿಯಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ಚಿವುಟಿ, ತುದಿಗಳನ್ನು ಜೇಬಿಗೆ ಹಾಕಿಕೊಂಡು ಹೋಗಿ ಬಸ್ಸುನಿಲ್ದಾಣದ ಕಸದಬುಟ್ಟಿಗೆ ಹಾಕಿದೆ. ಮರುದಿನವೂ ಹತ್ತಿದೆ. ಅದರ ಮರುದಿನವೂ.

ಮೂರನೆಯ ದಿನ ಸಂಜೆ ಅತ್ತೆ ಮೆಟ್ಟಿಲ ಮೇಲಿದ್ದರು. ಕೈ ಚಾಚಿದೆ. ಬೆರಳುಗಳನ್ನು ಬಿಟ್ಟು ಹೆಬ್ಬೆರಳನ್ನು ಹಿಡಿದು ಬಹಳ ಹೊತ್ತು ನೋಡಿ, ಹಸಿರು ಎಂದರು. ಆ ದಿನ ಅಂಗಡಿಯಲ್ಲಿ ಬೆಳಗಿನಿಂದ ಬರೀ ಬೂದುಬಣ್ಣ ಬೆರೆಸಿದ್ದೆ, ಒಂದು ಆಫೀಸಿಗೆ ನಲವತ್ತು ಡಬ್ಬಿ. ಅತ್ತೆಯ ಕಣ್ಣು ಮಂಜಾಗುತ್ತಿದೆ ಎಂದುಕೊಂಡು, ಪಾಪ ಎನಿಸಿ, ಹೌದು ಅತ್ತೆ, ಹಸಿರು ಎಂದೆ. ಅವರು ಕೈ ಬಿಟ್ಟು ಒಳಗೆ ಹೋದರು. ಮರುದಿನದಿಂದ ಮೆಟ್ಟಿಲಿಗೆ ಬರಲಿಲ್ಲ. ಮೊಣಕಾಲು ನೋವು ಎಂದರು.

ಎರಡು ವಾರ ಬಳ್ಳಿ ಸತ್ತಂತೆಯೇ ಇತ್ತು, ಒಂದು ಗೇಣೂ ಮುಂದೆ ಹೋಗಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಆಮೇಲೆ ಎಲೆಯ ಬುಡಗಳಿಂದೆಲ್ಲ ಪಕ್ಕದ ಕವಲುಗಳು ಚಿಮ್ಮತೊಡಗಿದವು. ಒಂದಿದ್ದ ಕಡೆ ಮೂರು, ಮೂರಿದ್ದ ಕಡೆ ಎಂಟು. ಅವುಗಳಲ್ಲಿ ಬಂದ ಹೂಗಳ ಕೆಳಗೆ ಕಿರುಬೆರಳಿನಷ್ಟು ಕಾಯಿಗಳು ಹುಟ್ಟುವಾಗಲೇ ಅಂಟಿಕೊಂಡಿದ್ದವು. ಎರಡು ವಾರದೊಳಗೆ ಚಪ್ಪರದಿಂದ ಹದಿನಾಲ್ಕು ಸೋರೆಕಾಯಿಗಳು ನೇತಾಡಿದವು. ಎಣಿಸಿದ್ದು ನಾನೇ, ಬಟ್ಟೆಕಲ್ಲಿನ ಮೇಲೆ ನಿಂತು. ಬೀದಿಯವರು ಗುಂಪುಗುಂಪಾಗಿ ನೋಡಲು ಬಂದರು. ಮೇಷ್ಟರು ಲಿಫ್ಟಣ್ಣನ ಕೈಗುಣ ಎಂದರು. ಷಡ್ಡಕ ಮೊದಲ ಕಾಯಿಯನ್ನು ಕೊಯ್ದು, ಒರೆಸಿ, ದೊಡ್ಡಳಿಯಂದಿರಿಗೆ ಎಂದು ನನ್ನ ಕೈಗೇ ತಂದುಕೊಟ್ಟ. ಹೆಂಡತಿ ಬೇಯಿಸಿದಳು. ನಾನು ಮಾಡಿದ್ದನ್ನು ನಾನೇ ಉಂಡೆ, ರುಚಿಯಾಗಿತ್ತು ಎಂಬುದೇ ಇನ್ನೂ ಸಂಕಟ.

ಆ ಭಾನುವಾರ ಅತ್ತೆ ಹೊರಟರು. ಹೊರಟದ್ದು ಪಕ್ಕದ ಮನೆಗೇ, ಹತ್ತು ಹೆಜ್ಜೆ. ಆದರೂ ಟ್ರಂಕು, ಕಂಬಳಿ, ಔಷಧದ ಡಬ್ಬಿ, ಮಂಚದಡಿಯ ಚಪ್ಪಲಿ ಎಲ್ಲವೂ ಹೊರಟವು. ಹೆಂಡತಿ ಮುಖ ತಿರುಗಿಸಿಕೊಂಡು ಪಾತ್ರೆ ಉಜ್ಜುತ್ತಿದ್ದಳು. ನಾನು ಟ್ರಂಕು ಎತ್ತಲು ಹಿಂದಿನ ಕೋಣೆಗೆ ಹೋದೆ. ಅತ್ತೆ ಬರಿಯ ಮಂಚದ ಮೇಲೆ ಕೂತಿದ್ದರು.

“ಭಾರ ಇದೆ, ನಿಧಾನವಾಗಿ ಎತ್ತಿ. ನಿಮಗೆ ಬೆನ್ನು ನೋವು,” ಎಂದರು.

ನೀವು ಎಂದದ್ದು ಅಂದೇ ಮೊದಲಲ್ಲ. ಒಂದು ತಿಂಗಳಿನಿಂದ ಹಾಗೇ ಕರೆಯುತ್ತಿದ್ದರು, ನಾನು ಕೇಳಿಯೂ ಕೇಳದಂತಿದ್ದೆ. ಈಗ ತಡೆಯಲಿಲ್ಲ. “ನನಗ್ಯಾಕೆ ಬಹುವಚನ, ಅತ್ತೆ?”

“ಸಾಕು ಅಂತ ಕಳಿಸೋರಿಗೆ ಮರ್ಯಾದೆ ಕೊಡಬೇಕಲ್ಲ.”

ನಾನೆಲ್ಲಿ ಕಳಿಸಿದೆ ಎಂದು ಕೇಳಿದೆ. ಅವರು ಕಿಟಕಿಯ ಕಡೆ ಕೈ ತೋರಿಸಿದರು. ಅಲ್ಲಿಂದ ಬಟ್ಟೆಕಲ್ಲು ಕಾಣುತ್ತದೆ, ಗೋಡೆ ಕಾಣುತ್ತದೆ, ಗೋಡೆಯಾಚೆಯ ಚಪ್ಪರವೂ ಕಾಣುತ್ತದೆ. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು.

“ಮೂರು ಬೆಳಿಗ್ಗೆ ನೋಡಿದೆ,” ಎಂದರು. “ಕುಡಿ ಚಿವುಟದಿದ್ರೆ ಸೋರೆ ಸುಮ್ಮನೆ ಹೂ ಬಿಟ್ಕೊಂಡಿರುತ್ತೆ, ಚಿವುಟಿದ್ರೇನೇ ಕಾಯಿ. ಇದು ನನಗೆ ಹತ್ತು ವರ್ಷದವಳಿದ್ದಾಗಿಂದ ಗೊತ್ತು. ಚಿಕ್ಕವಳು ಬಾ ಬಾ ಅಂತ ಕೂತ್ಲು. ಬರಲ್ಲ ಅಂದ್ರೆ ಅಳ್ತಾಳೆ. ಅದಕ್ಕೇ ಕಾಯಿ ಬಿಡಲಿ ಅಂದೆ. ಅವನು ಏನು ಮಾಡ್ಲಿ ಅಂತ ಕೇಳಿದಾಗಲೂ ಹೇಳ್ಲಿಲ್ಲ. ಹಗಲು ಅಲ್ಲಿ ಕೂರೋದು, ಕತ್ತಲಾದ್ರೆ ಈ ಮಂಚಕ್ಕೆ ಬರೋದು, ಹೀಗೇ ಇದ್ಬಿಡೋಣ ಅಂತ ಇದ್ದೆ. ಎರಡು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ನೀನು ಹೋಗಿ ಚಿವುಟಿಬಿಟ್ಟೆ.”

ಅವರು ಬರಿಯ ಮಂಚದ ಹಲಗೆಯನ್ನು ಕೈಯಿಂದ ಸವರಿದರು. “ದೊಡ್ಡವನಿಗೂ ಸಾಕಾಗಿದೆ, ಬಾಯಿಬಿಟ್ಟು ಹೇಳಲಾರದೆ ಹೀಗೆ ಮಾಡ್ತಿದಾನೆ ಅಂದ್ಕೊಂಡೆ. ಹಸಿರು ಅಂದಾಗ ನೀನೂ ಹೌದು ಅಂದೆಯಲ್ಲ.”

ನಾನು ಟ್ರಂಕಿನ ಮೇಲೇ ಕೂತೆ. ಹೇಳಬೇಕಾದ ಮಾತು ನಾಚಿಕೆಗೇಡಿನದು, ಆದರೆ ಹೇಳದಿದ್ದರೆ ಅದಕ್ಕಿಂತ ಕೆಟ್ಟದ್ದನ್ನು ಅವರು ನಂಬಿಕೊಂಡು ಹೋಗುತ್ತಿದ್ದರು.

“ಬಳ್ಳಿ ಸಾಯಲಿ ಅಂತ ಚಿವುಟಿದ್ದು, ಅತ್ತೆ. ಕಾಯಿ ಬಿಡಬಾರದು, ನೀವು ಹೋಗಬಾರದು ಅಂತ.”

“ಕುಡಿ ಚಿವುಟಿದ್ರೆ ಬಳ್ಳಿ ಸಾಯುತ್ತೆ ಅಂತ ಯಾರು ಹೇಳಿದ್ರು ನಿನಗೆ?”

“ಯಾರೂ ಹೇಳ್ಲಿಲ್ಲ. ಹೊಟ್ಟೆಕಿಚ್ಚಿಗೆ ಹೊಳೀತು.”

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು, ಸೆರಗಿನಿಂದ ಕಣ್ಣೊರೆಸಿಕೊಂಡರು, ಒರೆಸಿಕೊಳ್ಳುವುದನ್ನು ನಿಲ್ಲಿಸಲಿಲ್ಲ. ಒಂದು ಮಾತು ಕೇಳಬಾರದಿತ್ತಾ ಎಂದರು. ಇರಿ ಅತ್ತೆ ಎಂದು ನಾನೂ ಹೇಳಲಿಲ್ಲ, ಇರುತ್ತೇನೆ ಎಂದು ಅವರೂ ಹೇಳಲಿಲ್ಲ, ನಮ್ಮಿಬ್ಬರ ಬದಲು ಆ ಬಳ್ಳಿ ಮಾತಾಡಿಬಿಟ್ಟಿತ್ತು. ಅಷ್ಟರಲ್ಲಿ ನಾದಿನಿ ಬಾಗಿಲಿಗೆ ಬಂದಳು. ಒಗೆದ ಹಾಸಿಗೆ ಹಾಸಿದ್ದೇನೆ, ಬಾರಮ್ಮ ಎಂದಳು. ಅವಳ ಮುಖದಲ್ಲಿದ್ದ ಸಂತೋಷ ನೋಡಿ ಅತ್ತೆ ನನ್ನ ಕಡೆ ಒಂದು ಸಲ ನೋಡಿ ಎದ್ದರು. ನಾನು ಟ್ರಂಕು ಎತ್ತಿದೆ. ಅದು ನಿಜಕ್ಕೂ ಭಾರವಿತ್ತು.

ಮಧ್ಯಾಹ್ನ ಷಡ್ಡಕನನ್ನು ಬಳ್ಳಿಯ ಹತ್ತಿರ ಕರೆದು ಎಲ್ಲವನ್ನೂ ಹೇಳಿದೆ, ಚಿವುಟುವ ಗುಟ್ಟು ಗೊತ್ತಿದ್ದೂ ಅತ್ತೆ ಸುಮ್ಮನಿದ್ದ ಸಂಗತಿಯೊಂದನ್ನು ಬಿಟ್ಟು. ಜಗಳವಾಡುತ್ತಾನೆ, ಆಗಲಾದರೂ ಬೈಯಲು ಒಂದು ಕಾರಣ ಸಿಗುತ್ತದೆ ಎಂದಿತ್ತು. ಅವನು ಚಪ್ಪರವನ್ನೂ ನನ್ನನ್ನೂ ನೋಡಿ, ಹಾಗಾದರೆ ಬೆಂಡೆಗಿಡಕ್ಕೂ ಸ್ವಲ್ಪ ಕೈ ಹಾಕಿ ಅಣ್ಣಾ ಎಂದ. ಇಂಥವನನ್ನು ಏನು ಮಾಡುವುದು, ನೀವೇ ಹೇಳಿ.

ಮರುದಿನ ಸಂಜೆ ಬಸ್ಸಿಳಿದು ಓಡಲಿಲ್ಲ. ಮೆಟ್ಟಿಲು ಖಾಲಿಯಿತ್ತು. ಚೀಲ ಇಟ್ಟು ಹಿಂದಕ್ಕೆ ಹೋದೆ. ಗೋಡೆಯಾಚೆ ಅತ್ತೆ ಹಿತ್ತಿಲ ಮೆಟ್ಟಿಲ ಪಕ್ಕ ಕುರ್ಚಿಯಲ್ಲಿ ಕೂತಿದ್ದರು, ಷಡ್ಡಕ ನೀರು ಹಾಕುತ್ತಿದ್ದ. ನನ್ನನ್ನು ಕಂಡು ಅತ್ತೆ ಕಂಬಿ ಹಿಡಿದು ಎದ್ದು, ಬಕೆಟ್ಟುಗಳ ನಡುವೆ ಹೆಜ್ಜೆ ಇಡುತ್ತಾ ಗೋಡೆಯವರೆಗೆ ಬಂದರು. ನಾನು ಗೋಡೆಯ ಮೇಲಿಂದ ಕೈ ಚಾಚಿದೆ. ಬೆರಳನ್ನು ಕಣ್ಣಿನ ಹತ್ತಿರ ಹಿಡಿದರು.

“ಕಾಫಿ ಬಣ್ಣ,” ಎಂದರು.

ಸರಿಯಾಗಿತ್ತು. ಷಡ್ಡಕ ನೀರಿನ ಕೊಳವೆ ಹಿಡಿದು ನಮ್ಮನ್ನೇ ನೋಡುತ್ತಿದ್ದ. ನೋಡಲಿ.

“ಅಲ್ಲ ಅತ್ತೆ,” ಎಂದೆ. “ಇನ್ನೊಂದು ಸಲ ನೋಡಿ.”